ಗಂಡನ ಹೆಸರಿನ ಕಾಲಂ

“ಲೇ ಮುಂಡೆ, ಬಾಯಾಗೆ ಮಣ್ಣಿನ ಹೆಂಟೆ ಇಟ್ಕಂಡಿದೀಯೇನೇ? ಗಂಡನ ಹೆಸ್ರು ಬೊಗಳು ಅಂದ್ರೆ ಕಿಟಕಿ ತೋರಿಸ್ತೀಯ!”

ಶ್ರೀರಾಂಪುರದ ಅರ್ಜಿ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಶ್ರೀನಿವಾಸ್ ಹೀಗೆ ಕಿರುಚಿದ್ದು ಗಿರಿಯಮ್ಮನ ಮೇಲೆ. ಕೈಬರಹದ ಅರ್ಜಿ ನಿಂತು ಕಂಪ್ಯೂಟರ್ ಅರ್ಜಿ ಬಂದ ವರ್ಷ ಅದು. ಅವಳು ವಿಧವಾ ವೇತನಕ್ಕೆ ಬಂದಿದ್ದಳು. ಬಾವಿ ತೋಡುವಾಗ ಮಣ್ಣು ಕುಸಿದು ಗಂಡ ಸತ್ತಿದ್ದ, ಅವಳ ಎಡಗೈ ಮುರಿದಿತ್ತು. ಕೂಲಿಗೆ ಯಾರೂ ಕರೆಯುತ್ತಿರಲಿಲ್ಲ. ಆ ವೇತನ ಬಂದರೆ ಊಟ, ಇಲ್ಲದಿದ್ದರೆ ಇಲ್ಲ.

ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದವರು ನಾವು, ಅವಳ ಹಟ್ಟಿಯವರು. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದು ನಮ್ಮ ಹೆಂಗಸರಲ್ಲಿ ಇಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಗಂಡ ಸತ್ತರೂ ಆ ಕಟ್ಟು ಸಾಯುವುದಿಲ್ಲ. ಗಿರಿಯಮ್ಮ ಕಿಟಕಿಯಾಚೆ ಕೈ ಮಾಡಿ, “ಅಗಾ ಸ್ವಾಮಿ, ಕಲ್ಲು ಅವೆ, ಕುರಿ ಮೇಯ್ತಾವೆ, ಅದ್ರ ಹೆಸ್ರೇ” ಎಂದಳು.

“ಗುಡ್ಡಪ್ಪ ಅಂತ ಬರ್ಕಳ್ರಿ,” ಎಂದಳು ಸಾಲಿನಲ್ಲಿದ್ದ ದುರುಗಕ್ಕ.

“ನೀ ಬಾಯ್ಮುಚ್ಚೇ! ಅರ್ಜಿದಾರರೇ ಹೇಳ್ಬೇಕು ಅಂತ ರೂಲ್ಸ್ ಐತೆ.” ಅವನು ಗೋಡೆಗೆ ಅಂಟಿಸಿದ ಕಾಗದ ತೋರಿಸಿದ. “ಬೆಟ್ಟ ಆದ್ರೇನು, ಗುಡ್ಡ ಆದ್ರೇನು” ಎಂದು ನಗುತ್ತಾ ಬೆಟ್ಟಪ್ಪ ಎಂದು ಕುಟ್ಟಿದ.

ಮರಣ ಪತ್ರದಲ್ಲಿ ಗುಡ್ಡಪ್ಪ, ಅರ್ಜಿಯಲ್ಲಿ ಬೆಟ್ಟಪ್ಪ. ಅರ್ಜಿ ಮೂರು ಸಲ ವಾಪಸ್ ಬಂತು. ಒಮ್ಮೆ ಕುಟ್ಟಿದ ಹೆಸರನ್ನು ತಿದ್ದಲು ಕಂಪ್ಯೂಟರಿನಲ್ಲಿ ದಾರಿಯೇ ಇಟ್ಟಿಲ್ಲವಂತೆ.

ನಾಲ್ಕು ತಿಂಗಳ ಮೇಲೆ, ಆ ಕಂಪ್ಯೂಟರ್ ಅರ್ಜಿಯನ್ನು ರೂಪಿಸಿದ ಚೇತನ್‌ಕುಮಾರ್ ಚಿತ್ರದುರ್ಗದಿಂದ ಜೀಪಿನಲ್ಲಿ ಕೇಂದ್ರಕ್ಕೆ ಬಂದ. ಅಂದೂ ನಾವು ಸಾಲಿನಲ್ಲಿ ನಿಂತಿದ್ದೆವು. ಪತ್ರಿಕೆಯವರೂ ಬಂದರು. ‘ಜನಸ್ನೇಹಿ ಅರ್ಜಿ’ ಎಂದು ಬ್ಯಾನರ್ ಕಟ್ಟಿದರು. ಅದು ಯಾವ ಜನರ ಸ್ನೇಹವೋ, ನಮ್ಮನ್ನಂತೂ ಯಾರೂ ಒಂದು ಮಾತು ಕೇಳಿರಲಿಲ್ಲ.

“ಎಷ್ಟು ಸುಲಭ ಮಾಡಿದೀನಿ ನೋಡಿ,” ಎಂದ ಅವನು. “ಕೆಂಪು ಚುಕ್ಕಿ ಇರೋ ಕಾಲಂ ತುಂಬಿದ್ರೆ ಸಾಕು. ಎಂಥಾ ದಡ್ಡರೂ ಅರ್ಜಿ ಹಾಕಬಹುದು.”

ಗಿರಿಯಮ್ಮ ಸೀದಾ ಅವನ ಕಾಲಿಗೆ ಬಿದ್ದಳು. “ನೀವೇ ಮಾಡಿರೋದಂತೆ ಸ್ವಾಮಿ. ಹೆಸ್ರು ತಪ್ಪಾಗೈತೆ. ತಿದ್ದಿ ಕೊಡ್ರಿ.”

ಅವನು ಪರದೆ ನೋಡಿದ. ಮರಣ ಪತ್ರ ನೋಡಿದ. “ಇಲ್ಲಿ ಬೆಟ್ಟಪ್ಪ, ಅಲ್ಲಿ ಗುಡ್ಡಪ್ಪ. ಎಷ್ಟು ಜನ ಗಂಡಂದಿರಮ್ಮ ನಿಂಗೆ?”

ಪತ್ರಿಕೆಯವರು ನಕ್ಕರು. ನಮ್ಮ ಮೈ ಉರಿದುಹೋಯಿತು.

“ತಪ್ಪು ಈ ಯಪ್ಪಂದು,” ಗಿರಿಯಮ್ಮ ಶ್ರೀನಿವಾಸನತ್ತ ಬೆರಳು ಮಾಡಿದಳು.

ಶ್ರೀನಿವಾಸ್ ಎದ್ದು ಬಂದು ಅವಳ ತುರುಬು ಹಿಡಿದ. “ನನ್ ಮ್ಯಾಲೆ ಹೇಳ್ತೀಯೇನೇ ಬೋಸುಡಿ? ನೋಡು, ಕೆಂಪು ಚುಕ್ಕಿ ಕಾಣ್ತೈತಾ? ಕಾಣ್ತೈತಾ?” ಎನ್ನುತ್ತಾ ಅವಳ ಮುಖವನ್ನು ಪರದೆಗೆ ಒಂದು ಸಲ, ಎರಡು ಸಲ ಗುದ್ದಿಸಿದ. ಹುಬ್ಬು ಒಡೆದು ಕೀಲಿಮಣೆಯ ಮೇಲೆ ರಕ್ತ ತೊಟ್ಟಿಕ್ಕಿತು. ಚೇತನ್‌ಕುಮಾರ್ ಸಾಹೇಬ ತನ್ನ ಬಿಳಿ ಅಂಗಿಗೆ ಸಿಡಿಯದಂತೆ ಹಿಂದೆ ಸರಿದ.

ಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಒತ್ತಿಟ್ಟ ಕಲ್ಲೊಂದಿತ್ತು. ಗಿರಿಯಮ್ಮ ಅದನ್ನು ಬಲಗೈಯಲ್ಲಿ ಎತ್ತಿದಳು.

“ಗುಡ್ಡಪ್ಪ!” ಪರದೆ ಸಿಡಿಯಿತು. “ಗುಡ್ಡಪ್ಪ! ನನ್ ಗಂಡ ಗುಡ್ಡಪ್ಪ! ಬರ್ಕಳೋ!” ಮೂರನೆಯ ಏಟು ಶ್ರೀನಿವಾಸನ ಬಲಗೈಗೆ ಬಿತ್ತು. ಅವನು ಮೇಜಿನಡಿ ಉರುಳಿ “ಅವ್ವಾ” ಎಂದ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಹೆಸರನ್ನು ನಾವು ಕೇಳಿದ್ದು ಅಂದೇ.

“ಪೊಲೀಸ್ ಕರೀರಿ! ಬಾಗಿಲು ಹಾಕ್ರಿ!” ಸಾಹೇಬ ಕೂಗಿದ.

ಬಾಗಿಲಲ್ಲಿ ದುರುಗಕ್ಕ ನಿಂತಿದ್ದಳು. ಅವಳ ಗಂಡ ನಮ್ಮ ಸಾಲಿನಲ್ಲೇ ಇದ್ದ, ಗಟ್ಟಿಮುಟ್ಟಾಗಿ ಬದುಕಿದ್ದ. ಅವಳು ಅವನ ಮುಖ ನೋಡಿದಳು. ಅವನು ಹೂಂ ಎಂದು ತಲೆಯಾಡಿಸಿದ. ಗಿರಿಯಮ್ಮನ ಕೈಯಿಂದ ಕಲ್ಲು ಇಸಿದುಕೊಂಡು ದುರುಗಕ್ಕ ಪಕ್ಕದ ಮೇಜಿನ ಮೇಲಿದ್ದ ಎರಡನೆಯ ಕಂಪ್ಯೂಟರಿನ ಮುಂದೆ ಹೋಗಿ ನಿಂತಳು.

“ನನ್ ಗಂಡ ಕೆಂಚಣ್ಣ,” ಎಂದಳು. “ಬರ್ಕ.”