ಡೇರೆ ಮೇಸ್ತ್ರಿಯ ಬೆನ್ನು

ಡೇರೆ ಮೇಸ್ತ್ರಿ ಹಾಸಿಗೆ ಹಿಡಿದಿದ್ದರು. ಮದುವೆಯಿರಲಿ, ಸಭೆಯಿರಲಿ, ಊರಿನಲ್ಲಿ ಎಲ್ಲಿ ಡೇರೆ ಎದ್ದರೂ ಅದನ್ನು ಎಬ್ಬಿಸುವ ಕೈ ಅವರದೇ. ಹೋದ ತಿಂಗಳು ಟಾರ್ಪಾಲಿನ ಹೊರೆಯನ್ನು ಬಗ್ಗಿ ಎತ್ತುವಾಗ ಸೊಂಟ ಹಿಡಿದುಕೊಂಡಿದ್ದೇ ತಡ, ಮನುಷ್ಯ ಮಲಗಿದಲ್ಲೇ ಆದರು. ಡಾಕ್ಟರು ಪರೀಕ್ಷಿಸಿ, ಭಯಪಡುವಂಥದ್ದೇನೂ ಇಲ್ಲ, ಮೆಲ್ಲಗೆ ಓಡಾಡಿ ಎಂದಿದ್ದರು. ಮೇಸ್ತ್ರಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಸೊಂಟಕ್ಕೆ ಅಗಲ ಪಟ್ಟಿ ಬಿಗಿದುಕೊಂಡು ಕಿಟಕಿ ಪಕ್ಕದ ಮಂಚದಲ್ಲಿ ಬಿದ್ದುಕೊಂಡರು.

"ಮೂಳೆ ಜಾರಿದೆ ಕಣೇ. ಸಂಜೆ ಪೈಲ್ವಾನ್ ಬಂದು ನಾಲ್ಕು ಸಲ ತುಳಿದರೆ ತನ್ನ ಜಾಗಕ್ಕೆ ಕೂತ್ಕೊಳ್ಳುತ್ತೆ. ಅದೂ ಆಗಲಿಲ್ಲ ಅಂದ್ರೆ ಡೇರೆ ಕೆಲಸಕ್ಕೆ ಕೈಮುಗಿದು ಬಿಡ್ತೀನಿ," ಎಂದರು ಹೆಂಡತಿಗೆ.

ಪೈಲ್ವಾನ್ ಎಂದರೆ ಮೂಲೆಯ ಐಸ್ ಅಂಗಡಿಯ ದಢೂತಿ ಆಸಾಮಿ. ಹೆಂಡತಿಗೆ ಜೀವ ಬಾಯಿಗೆ ಬಂತು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ತನ್ನ ತಂಗಿಗೆ ಫೋನ್ ಮಾಡಿದಳು. ಪೈಲ್ವಾನ್ ಬರುವ ಮೊದಲೇ ನಾದಿನಿ ಬಂದಳು.

"ಭಾವ, ಆ ಪೈಲ್ವಾನ್ ಕೂತರೆ ಅಂಗಡಿ ಬೆಂಚೇ ಅಳುತ್ತೆ. ನಿಮ್ಮ ಬೆನ್ನ ಮೇಲೆ ನಿಲ್ಲಿಸ್ಕೊಳ್ತೀರಾ?"

"ನೀನು ಓದಿದವಳು, ನಿಂಗೆ ಎಲ್ಲಾ ತಮಾಷೆ. ನೋವು ನನ್ನದಲ್ವಾ?"

ನಾದಿನಿ ವಾದಕ್ಕೆ ಇಳಿಯಲಿಲ್ಲ. ಚೀಲದಿಂದ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯೊಂದನ್ನು ತೆಗೆದು ಅವರ ಕೈಗಿಟ್ಟಳು. "ಮೊದಲು ಇದನ್ನ ನೋಡಿ. ಇದು ಒಂದೇ ಮೂಳೆ ಅಲ್ಲ. ಕುತ್ತಿಗೆಯಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು. ಅದರ ಕೆಳಗಿನವು ಬೆಸೆದುಕೊಂಡಿವೆ. ಜಿರಾಫೆ ಕುತ್ತಿಗೆಯಲ್ಲೂ ಇರೋದು ಏಳೇ."

"ಅಷ್ಟುದ್ದ ಕುತ್ತಿಗೆಗಾ?"

ಮೇಸ್ತ್ರಿಯ ಬೆರಳುಗಳು ತಾವಾಗಿಯೇ ಕೆಲಸಕ್ಕೆ ತೊಡಗಿದವು. ಒಂದೊಂದು ಕೀಲನ್ನೂ ಅಲುಗಿಸಿ ನೋಡಿದರು. ಒಂದೊಂದೂ ಅಲುಗುವುದು ಒಂಚೂರೇ, ಆದರೆ ಎಲ್ಲ ಸೇರಿದರೆ ಬೆನ್ನಿಗೆ ಬೆನ್ನೇ ಬಗ್ಗುತ್ತಿತ್ತು. ಪಕ್ಕದಿಂದ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು. "ಇದೇನು, ನೆಟ್ಟಗೇ ಇಲ್ಲ?"

"ಬೇಕಂತಲೇ ಹಾಗಿದೆ ಭಾವ. ಆ ಬಳುಕು ಇರೋದರಿಂದಲೇ ನಾವು ಕುಣಿದರೂ ಪೆಟ್ಟು ನೇರ ತಲೆಗೆ ಹೋಗಲ್ಲ. ಮಧ್ಯೆ ಮೆತ್ತೆಗಳಿವೆಯಲ್ಲ, ಅವೇ ಡಿಸ್ಕ್. ಹಗಲೆಲ್ಲ ಭಾರಕ್ಕೆ ಅಮುಕಿಕೊಳ್ಳುತ್ತವೆ, ಮಲಗಿದಾಗ ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಯಾರಾದರೂ ಸರಿ, ಬೆಳಿಗ್ಗೆಗಿಂತ ಸಂಜೆಗೆ ಒಂಚೂರು ಗಿಡ್ಡ."

"ಇವರ ಗತ್ತು ಮಾತ್ರ ಸಂಜೆಗೂ ಇಳಿಯಲ್ಲ," ಎಂದಳು ಹೆಂಡತಿ.

ಮೇಸ್ತ್ರಿಗೆ ನಗು ಬಂತು. ಆದರೂ ಪಟ್ಟು ಬಿಡಲಿಲ್ಲ. "ಆ ಡಿಸ್ಕೇ ಜಾರಿದ್ರೆ?"

"ಅದು ಸೋಪಿನ ಹಾಗೆ ಜಾರಲ್ಲ. ಮೇಲೂ ಕೆಳಗೂ ಮೂಳೆಗೆ ಗಟ್ಟಿಯಾಗಿ ಅಂಟಿರುತ್ತೆ. ಕೆಲವರಿಗೆ ಉಬ್ಬಿ ಪಕ್ಕದ ನರಕ್ಕೆ ಒತ್ತುತ್ತೆ, ಅಷ್ಟೇ. ತುಳಿದರೆ ಅದು ಒಳಗೆ ಹೋಗಲ್ಲ. ಇನ್ನು, ಈ ತೂತು ನೋಡಿ. ಬೆನ್ನುಹುರಿ, ಅದರ ನರಗಳು ಇದರೊಳಗೇ ಇರೋದು. ಕಾಲ್ಬೆರಳು ಆಡಿಸಬೇಕಾದರೂ ಮಿದುಳಿನ ಹುಕುಂ ಇಲ್ಲಿಂದಲೇ ಇಳಿಯಬೇಕು."

ಮೇಸ್ತ್ರಿ ಆ ತೂತಿಗೆ ಕಿರುಬೆರಳು ತೂರಿಸಿ ನೋಡಿದರು. ಇಷ್ಟು ನಾಜೂಕಾದದ್ದನ್ನು ಇಷ್ಟು ಗಟ್ಟಿ ಮನೆಯಲ್ಲಿ ಬಚ್ಚಿಟ್ಟ ಕೆಲಸಕ್ಕೆ ಅವರು ಬೆರಗಾದರು. ಇಷ್ಟು ವರ್ಷ ಕಂಬಕ್ಕೆ ಕಂಬ ಜೋಡಿಸಿದವರಿಗೆ ಇಂಥ ಜೋಡಣೆ ಕನಸಿನಲ್ಲೂ ಹೊಳೆದಿರಲಿಲ್ಲ. "ಎಂಥಾ ಕೆಲಸ!" ಎಂದರು ಮೆಲ್ಲಗೆ.

"ಹಾಗಾದ್ರೆ ನೆಲದ ಮೇಲೆ ನಿಲ್ಲಿಸಿ ನೋಡೋಣ," ಎಂದಳು ನಾದಿನಿ.

ಮೇಸ್ತ್ರಿ ಮಂಚದಿಂದಲೇ ಕೈ ಚಾಚಿ ಆ ಬೆನ್ನುಮೂಳೆಯನ್ನು ನೆಲದ ಮೇಲೆ ನಿಲ್ಲಿಸಿದರು. ಬಿಟ್ಟೊಡನೆ ಅದು ದೊಪ್ಪೆಂದು ಬಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು.

"ಯಾಕೆ ಭಾವ?"

ಅವರು ಕಿಟಕಿಯಾಚೆ ಅಂಗಳದತ್ತ ನೋಡಿದರು. ಹೆಂಡತಿ ಬೆಳಿಗ್ಗೆ ಕೆಲಸದವರ ಜೊತೆ ಗಾಳಿಯಾಡಲೆಂದು ನಿಲ್ಲಿಸಿದ್ದ ಡೇರೆ ಒಂದು ಕಡೆ ವಾಲಿತ್ತು. ಅದನ್ನು ನೋಡಿ ನೋಡಿ ಮಧ್ಯಾಹ್ನದಿಂದ ಅವರ ಕೈ ತುರಿಸುತ್ತಿತ್ತು.

"ಹಗ್ಗ ಇಲ್ಲ," ಎಂದರು. "ಕಂಬ ಎಷ್ಟೇ ಗಟ್ಟಿ ಇರಲಿ, ಸುತ್ತಲೂ ಹಗ್ಗ ಎಳೆದಿರಬೇಕು."

"ನಿಮ್ಮ ಬೆನ್ನಿಗೂ ಹಗ್ಗಗಳಿವೆ. ಮೂಳೆಯಿಂದ ಮೂಳೆಗೆ ಬಿಗಿದ ನಾರಿನ ಪಟ್ಟಿಗಳು, ಬೆನ್ನಿನ ಸ್ನಾಯು, ಹೊಟ್ಟೆಯದು, ಕುಂಡೆಯದು. ಕೆಲಸ ಕೊಟ್ಟರೆ ಗಟ್ಟಿಯಾಗುತ್ತವೆ, ಮಲಗಿಸಿದರೆ ಸೊರಗುತ್ತವೆ. ಒಂದು ತಿಂಗಳಿಂದ ಅವಕ್ಕೆ ರಜಾ ಕೊಟ್ಟು ಕಂಬವನ್ನ ಬೈತಿದ್ದೀರಿ."

ಮೇಸ್ತ್ರಿ ಮತ್ತೆ ಡೇರೆಯತ್ತ ನೋಡಿದರು. ಡೇರೆ ವಾಲಿದಾಗ ಅವರು ಒಂದು ದಿನವೂ ಕಂಬವನ್ನು ಬೈದವರಲ್ಲ. ಆದರೆ ಹೆದರಿಕೆ ಇನ್ನೂ ಎದೆಯಲ್ಲಿ ಕೂತಿತ್ತು.

"ಎದ್ದರೆ ನೋವಾಗುತ್ತಲ್ಲಮ್ಮ?"

"ಸ್ವಲ್ಪ ಆಗುತ್ತೆ. ನೋವಾಯ್ತು ಅಂದ್ರೆ ಮುರೀತು ಅಂತಲ್ಲ. ದಿನಾ ಒಂಚೂರು ನಡೀರಿ, ನಾನು ಹೇಳಿಕೊಡೋ ವ್ಯಾಯಾಮ ಮಾಡಿ. ಹೊರೆ ಎತ್ತೋದು ಆಮೇಲೆ. ಎತ್ತುವಾಗಲೂ ಮಂಡಿ ಮಡಚಿ, ಭಾರವನ್ನ ಮೈಗೆ ಹತ್ತಿರ ಹಿಡಿದು ಎತ್ತಿ."

ಅಷ್ಟರಲ್ಲಿ ಬಾಗಿಲು ತುಂಬಾ ಪೈಲ್ವಾನ್ ನಿಂತಿದ್ದ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿಕೊಂಡು, "ಮೇಸ್ತ್ರಿಗಳೇ, ಬೋರಲು ಮಲಗಿ ಮತ್ತೆ," ಎಂದ. ಹೆಂಡತಿ ಗಂಡನ ಮುಖವನ್ನೇ ನೋಡಿದಳು.

ಮೇಸ್ತ್ರಿ ಸೊಂಟದ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟರು. ಮಗ್ಗುಲಿಗೆ ಹೊರಳಿ, ಮಂಚದ ಅಂಚಿಗೆ ಬಂದು ಕೂತರು.

"ಪೈಲ್ವಾನ್, ಕಾಲು ಬೇಡಪ್ಪ. ಕೈ ಕೊಡು."

ಹಲ್ಲು ಕಚ್ಚಿ ಎದ್ದರು. ಪೈಲ್ವಾನನ ತೋಳು ಹಿಡಿದು ಅಂಗಳಕ್ಕೆ ಬಂದು, ಡೇರೆಯ ಸುತ್ತ ಒಂದು ಸುತ್ತು ಹಾಕಿದರು. "ಆ ಮೂಲೆ ಹಗ್ಗ ಎಳೀರೋ!" ಎಂದು ಕೂಗಿದರು. ಕೆಲಸದವರು ಎಳೆದರು. ಡೇರೆ ನೆಟ್ಟಗಾಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂದರು ನೋಡು ದೊರೆಗಳು," ಎಂದಳು.

ಈಗ ನೀವು. ಒಂದು ಕೈಯನ್ನು ಹಿಂದೆ ಒಯ್ದು ಬೆನ್ನ ನಡುವೆ ಬೆರಳಾಡಿಸಿ. ಸಾಲಾಗಿ ಸಿಗುವ ಆ ಗಂಟುಗಳೇ ಹಗಲೆಲ್ಲ ನಿಮ್ಮನ್ನು ಹೊತ್ತಿರುವುದು. ಬೆನ್ನು ನೋವೆಂದು ಯಾರಿಂದಲೂ ತುಳಿಸಿಕೊಳ್ಳಬೇಡಿ, ವಾರಗಟ್ಟಲೆ ಮಲಗಲೂ ಬೇಡಿ. ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ ಅಥವಾ ಬಿದ್ದು ಪೆಟ್ಟಾದ ಮೇಲೆ ನೋವು ಶುರುವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇವು ಯಾವುವೂ ಇಲ್ಲದೆ ಬರೀ ನೋವಿದ್ದರೆ ಮೆಲ್ಲಗೆ ಓಡಾಡುತ್ತಿರಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಇದನ್ನು ಕೂತು ಓದುತ್ತಿದ್ದೀರಾ? ಹಾಗಿದ್ದರೆ ಕಾಗದ ಕೆಳಗಿಟ್ಟು, ಎದ್ದು, ಒಂದಿಷ್ಟು ನಡೆದು ಬನ್ನಿ.