ಬೆರಳಲ್ಲಿ ಮಾತಾಡುತ್ತಿದ್ದ ಪಾಲಾಕ್ಷಪ್ಪ

ಪಾಲಾಕ್ಷಪ್ಪನವರ ಬಾಯಿಂದ ಒಂದೇ ದಿನ ಹತ್ತು ಮಾತು ಉದುರಿದರೆ ಕೊಟ್ಟೂರಿನಲ್ಲಿ ಏನೋ ಅನಾಹುತವಾಗಿದೆಯೆಂದೇ ಅರ್ಥ. ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ನಾನೋ, ಪಾಠ ಹೇಳಿ ಹೇಳಿ ಬಾಯಿ ಮುಚ್ಚುವುದನ್ನೇ ಮರೆತ ಶಾಲಾ ಮಾಸ್ತರ; ಈ ಅಖಂಡ ಮೌನದೆದುರು ಮೊದಮೊದಲು ಕಂಗಾಲಾದೆ. ನಮಸ್ಕಾರವೆಂದರೆ ‘ಹೂಂ’, ಊಟವಾಯಿತೇ ಎಂದರೆ ‘ಹೂಂ’, ಅವರ ಮನೆಯ ಹಂಚು ಸೋರುತ್ತಿದೆಯೆಂದು ನಾನು ಗೋಳಾಡಿದರೂ ಅದೇ ‘ಹೂಂ’. ಮರುದಿನ ಮಾತ್ರ ಸದ್ದಿಲ್ಲದೆ ಹೊಸ ಹಂಚು ಬಂದಿರುತ್ತಿತ್ತು.

ಅವರ ಕಸುಬು ದನದ ದಲಾಲಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ತನ್ನ ಟವೆಲ್ಲನ್ನು ಕೈಮೇಲೆ ಹೊದಿಸಿ, ಅದರಡಿಯಲ್ಲಿ ಕೊಳ್ಳುವವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳೆಷ್ಟೋ ಅಷ್ಟು ನೂರು. ಪಾಲಾಕ್ಷಪ್ಪನವರಿಗೆ ಮೂವತ್ತು ವರ್ಷ ಅನ್ನ ಕೊಟ್ಟದ್ದು ಬೆರಳೇ ಹೊರತು ನಾಲಗೆಯಲ್ಲ. ಹಿರೇಹಡಗಲಿಯಿಂದ ಹರಪನಹಳ್ಳಿಯವರೆಗೆ ದನಗಳ ಹಿಂದೆ ನಡೆದೂ ನಡೆದೂ ಅವರ ನಡಿಗೆಗೂ ಎತ್ತಿನದೇ ಗತ್ತು ಬಂದಿತ್ತು: ತಲೆ ತುಸು ಮುಂದೆ, ಹೆಜ್ಜೆ ಭಾರ, ಅವಸರದ ಸುಳಿವೇ ಇಲ್ಲ.

ಎಂಬತ್ತೆರಡನೆಯ ಇಸವಿಯ ಹೊತ್ತಿಗೆ ಆ ನಡಿಗೆ ಸೋತಿತು. ಜಗಲಿಯಿಂದ ಬೀದಿಯ ನಲ್ಲಿಯವರೆಗೆ ಹೋಗುವಷ್ಟರಲ್ಲಿ ಏದುಸಿರು. ಕಣಕಾಲು ಊದಿ, ಒತ್ತಿದರೆ ಬೆರಳಿನ ಗುರುತು ಹಾಗೆಯೇ ಉಳಿಯುತ್ತಿತ್ತು. ಮಲಗಿದರೆ ದಮ್ಮು ಕಟ್ಟುತ್ತದೆಂದು ಗೋಡೆಗೊರಗಿಯೇ ನಿದ್ದೆ. ಗುಂಡಿಗೆಯ ಕಸುವು ಕುಂದಿದೆ, ಇನ್ನು ಹಾಸಿಗೆ ಬಿಟ್ಟು ಏಳಕೂಡದು ಎಂದು ಒಬ್ಬ ವೈದ್ಯರು ಕಟ್ಟಪ್ಪಣೆ ಮಾಡಿದರು. ಎರಡು ತಿಂಗಳು ಮಲಗಿ ಅವರು ಇನ್ನಷ್ಟು ಬಡವಾದ ಮೇಲೆ ನಾನೂ ಅವರ ಹೆಂಡತಿ ಪಂಪಮ್ಮನೂ ಅವರನ್ನು ಹರಪನಹಳ್ಳಿಗೆ ಹೊಸದಾಗಿ ಬಂದಿದ್ದ ಡಾಕ್ಟರ ಬಳಿಗೆ ಕರೆದೊಯ್ದೆವು. ಆ ತರುಣ ಡಾಕ್ಟರು ನೀರಿಳಿಯುವ ಮಾತ್ರೆ ಬರೆದುಕೊಟ್ಟು, ಊತ ಇಳಿದ ಮೇಲೆ ಬೇರೆಯೇ ರಾಗ ತೆಗೆದರು.

“ಮಲಗಿಯೇ ಇದ್ದರೆ ರಕ್ತ ತಂದುಕೊಡುವ ಆಮ್ಲಜನಕವನ್ನು ಬಳಸುವುದನ್ನೇ ಕಾಲಿನ ಮಾಂಸಖಂಡ ಮರೆತುಬಿಡುತ್ತೆ ಯಜಮಾನರೇ. ದಿನಾ ನಡೀರಿ. ಆದ್ರೆ ಮಾತಾಡ್ತಾ ನಡೀರಿ. ಉಸಿರು ಸಾಲದೆ ಮಾತು ತುಂಡಾದ ಕಡೆ ನಿಂತುಬಿಡಿ, ಗುಂಡಿಗೆಗೆ ಅಷ್ಟೇ ಸಾಕು ಅಂತ ಲೆಕ್ಕ.”

“ಹೂಂ” ಎಂದರು ಪಾಲಾಕ್ಷಪ್ಪನವರು.

ನಡೆಯಲು ಹೊರಟ ಮೂರನೆಯ ದಿನ ಎಣ್ಣೆ ಮಿಲ್ಲಿನ ಹತ್ತಿರ ಬಿದ್ದರು. ಯಾರೋ ಗಾಡಿಯಲ್ಲಿ ಮನೆಗೆ ತಂದರು. ಸುಧಾರಿಸಿಕೊಂಡ ಮೇಲೆ ಪಂಪಮ್ಮ ತರಾಟೆಗೆ ತೆಗೆದುಕೊಂಡರು: “ಮಾತಾಡ್ಕೋತ ನಡೀರಿ ಅಂದಿದ್ರಲ್ಲ ಡಾಕ್ಟ್ರು, ಆಡಲಿಲ್ಲೇನ್ರಿ?”

“ಆಡಿದ್ನಲ್ಲ” ಎಂದವರೇ ಟವೆಲ್ಲು ಸರಿಸಿ ಕೈ ತೋರಿಸಿದರು. ಪುಣ್ಯಾತ್ಮ! ದಾರಿಯುದ್ದಕ್ಕೂ ಬಲಗೈ ಎಡಗೈಯೊಡನೆ ವ್ಯಾಪಾರ ಮಾಡಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡ್ರಿ ಮಾಸ್ತರ್ರ, ಜೀವಾನ ಹೋಗ್ತಿತ್ತು” ಎಂದು ಪಂಪಮ್ಮ ಗದರಿ, ಗಂಡನ ಕಡೆ ತಿರುಗಿದರು: “ನಾಳಿಂದ ನಾನೂ ಬರ್ತೀನಿ. ಬಾಯಿಲೇ ಆಡ್ಬೇಕು.”

ಹೀಗೆ ಐವತ್ತೆಂಟರ ಗಂಡನ ಪಕ್ಕದಲ್ಲಿ, ಸೆರಗು ಹೊದ್ದ ಹೆಂಡತಿ ದಿನಾ ಬೆಳಿಗ್ಗೆ ಕೂಡ್ಲಿಗಿ ರಸ್ತೆಗೆ ಹೊರಟರು. ಓಣಿ ಬಾಯಿಗೆ ಸೆರಗಿಟ್ಟು ನಕ್ಕಿತು. ಏನು ಮಾತಾಡಬೇಕೆಂದು ತಿಳಿಯದೆ ಆ ಮನುಷ್ಯ ತಾನು ಮಾರಿಸಿದ ಎತ್ತುಗಳನ್ನೇ ಹೇಳತೊಡಗಿದರು. “ಗುಡೇಕೋಟಿ ಎತ್ತು. ಆರು ಹಲ್ಲಿಂದು. ಬೆನ್ನಾಗ ಸುಳಿ.” ಇಷ್ಟಕ್ಕೇ ಉಸಿರು ತೀರಿ ನಿಲ್ಲುತ್ತಿದ್ದರು. ತಿಂಗಳು ಕಳೆದಂತೆ ಮಾತು ಉದ್ದವಾಯಿತು, ದಾರಿಯೂ ಉದ್ದವಾಯಿತು. ನಲ್ಲಿ ದಾಟಿ, ಮಿಲ್ಲು ದಾಟಿ, ನಾಲ್ಕು ತಿಂಗಳಿಗೆ ಮೊದಲ ಮೈಲಿಗಲ್ಲು ಮುಟ್ಟಿದರು. ನಾನು ಹಿಗ್ಗಿದರೆ ಪಂಪಮ್ಮ ಹಿಗ್ಗಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು, ಏಳು ವರ್ಷದ ಗುರುಬಸಮ್ಮ, ಜ್ವರದಲ್ಲಿ ತೀರಿಕೊಂಡಿದ್ದಳು. ಸಂತೆಗೆ ಹೋಗಿದ್ದ ತಂದೆ ಬಂದದ್ದು ಮಣ್ಣಾದ ಮೇಲೆ. ಅಂದಿನಿಂದ ಆ ಹೆಸರನ್ನು ಪಾಲಾಕ್ಷಪ್ಪನವರು ಎತ್ತಿರಲಿಲ್ಲ. “ನೂರು ಎತ್ತಿನ ಸುದ್ದಿ ಬಂತ್ರಿ ಮಾಸ್ತರ್ರ. ಮಗಳದೊಂದು ಬರ್ತೈತೇನೋ ಅಂತ ದಿನಾ ಕಿವಿ ಕೊಟ್ಟು ನಡೀತೀನಿ” ಎಂದು ಪಂಪಮ್ಮ ಒಮ್ಮೆ ನನ್ನೆದುರು ಕಣ್ಣು ಒರೆಸಿಕೊಂಡಿದ್ದರು.

ಒಂದು ಭಾನುವಾರ ನಾನೂ ಅವರ ಜೊತೆಗಿದ್ದೆ. ಹಿರೇಹಡಗಲಿಯ ಬಿಳಿ ಹೋರಿಯೊಂದರ ಕಥೆ ಹೇಳುತ್ತಿದ್ದವರು ಮೈಲಿಗಲ್ಲಿನ ಬಳಿ ತಟಕ್ಕನೆ ನಿಂತರು.

“ದಮ್ಮು ಬಂತೇನ್ರಿ?” ಪಂಪಮ್ಮ ಗಾಬರಿಯಾದರು.

“ದಮ್ಮಲ್ಲ.” ಮೈಲಿಗಲ್ಲಿಗೆ ಕೈಯೂರಿದರು. “ಆ ಹೋರಿ ಮಾರಿದ ದಿನಾನ ಗುರುಬಸಮ್ಮ ಹೋಗಿದ್ದು. ನಾ ಮಣ್ಣಿಗೆ ಮೊದ್ಲ ಬಂದಿದ್ದೆ, ಪಂಪಾ. ಓಣಿ ತುದೀಗೆ ನಿಂತಿದ್ದೆ. ನೀ ಅಳೋದು ಕೇಳ್ತಿತ್ತು. ಅವತ್ತು ದಮ್ಮು ಗಟ್ಟಿ ಇತ್ತು. ಕಾಲು ಏಳಲಿಲ್ಲ.”

ಪಂಪಮ್ಮ ಅಲ್ಲೇ ರಸ್ತೆಯ ಬದಿಯಲ್ಲಿ ಕುಸಿದು ಕೂತರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ತಪ್ಪೂ ಇರಲಿಲ್ಲ. “ಇಪ್ಪತ್ತೆರಡು ವರ್ಷ” ಎಂದರು, “ಅತ್ತಿದ್ದು ನಾ ಒಬ್ಬಾಕಿನ ಅನ್ಕೊಂಡಿದ್ದೆ.”

ಪಾಲಾಕ್ಷಪ್ಪನವರು ಮಂಡಿ ಹಿಡಿದುಕೊಂಡು ಮೆಲ್ಲಗೆ ಅವರ ಪಕ್ಕ ಕೂತರು. ಇಬ್ಬರೂ ಅತ್ತರು. ತಿರುಗಿ ಬರುವಾಗ ಪಾಲಾಕ್ಷಪ್ಪನವರು ಮಗಳ ಸುದ್ದಿಯನ್ನೇ ಹೇಳಿದರು: ಅವಳ ಬಿದ್ದ ಹಲ್ಲು, ಅವಳು ಕದ್ದು ಎತ್ತಿಗೆ ತಿನ್ನಿಸುತ್ತಿದ್ದ ಬೆಲ್ಲ, ಅವಳ ಹಟ. ಮಿಲ್ಲಿನ ತನಕ ಒಮ್ಮೆಯೂ ನಿಲ್ಲಲಿಲ್ಲ.

ಆಮೇಲೆ ಎರಡು ವರ್ಷ ಬದುಕಿದರು. ಅವರು ಹೋದ ಮೇಲೆ ಪಂಪಮ್ಮ ನನಗೆ ಹೇಳಿದ್ದು ಇಷ್ಟೇ: “ಮೂವತ್ತೈದು ವರ್ಷದ ಸಂಸಾರದಾಗ ನಾ ಅವ್ರ ಕೂಡ ಬಾಳೇವು ಮಾಡಿದ್ದು ಎರಡ ವರ್ಷ ನೋಡ್ರಿ. ಸಾಕಾತು.”

ಇಂಥ ಗಂಡಸರು ನಮ್ಮ ಸೀಮೆಯ ಮನೆಮನೆಯಲ್ಲೂ ಇದ್ದಾರೆ. ಕಲ್ಲು ಮನುಷ್ಯರೆಂದು ಅವರನ್ನು ಜರೆಯುತ್ತೇವೆ, ನಾನೂ ಜರೆದಿದ್ದೇನೆ. ಎದೆಯೊಳಗಿನದನ್ನು ಆಡಿಬಿಟ್ಟರೆ ಜೀವವೇ ಹೋದೀತೆಂಬ ಭಯದಲ್ಲಿ ಅವರು ಆಯುಷ್ಯ ಸವೆಸುತ್ತಾರೆ. ಆಡದಿದ್ದರೇ ಜೀವ ಹೋಗುತ್ತದೆಂದು ಹೇಳುವವರೊಬ್ಬರು ಸಿಕ್ಕಿದ್ದು ಪಾಲಾಕ್ಷಪ್ಪನವರೊಬ್ಬರಿಗೆ ಮಾತ್ರ.