ಬೆಳಿಗ್ಗೆ ಕೊಟ್ಟ ರಾತ್ರಿ ಮಾತ್ರೆ

ಕಾಲರಿನ ಎಡತುದಿ ಬಲತುದಿಗಿಂತ ಒಂದು ನೂಲೆಳೆ ಮೇಲಿದೆ, ಹೊಲಿದವರು ಅವಸರದಲ್ಲಿದ್ದರು, ಅವಳ ಕಾರ್ಖಾನೆಯಲ್ಲಾಗಿದ್ದರೆ ಸೂಪರ್‌ವೈಸರ್ ಮುಖಕ್ಕೇ ಎಸೆಯುತ್ತಿದ್ದ, ಆದರೆ ಈ ಅಂಗಿ ತೊಟ್ಟವನು ಶಾಸಕಿಯ ಸಹಾಯಕ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಇನ್ನೇನು ಕರೀತಾರೆ ಕೂತ್ಕೊಳ್ಳಿ ಅನ್ನುತ್ತಾನೆ, ಕೂತೇ ಇದ್ದಾಳಲ್ಲ ಅವಳು, ಭುಜಕ್ಕೆ ಮಗಳು ಗುಬ್ಬಿ ಒರಗಿದ್ದಾಳೆ, ಗುಬ್ಬಿ ಅಂತ ಕರೆದಾಗ ಹಿಡಿಯಷ್ಟಿದ್ದವಳು ಈಗ ಅಮ್ಮನಿಗಿಂತ ಎತ್ತರ, ಇದ್ಯಾವ ಗುಬ್ಬಿನಮ್ಮ ಇದು ಹದ್ದು ಎಂದು ಬೆಂಚಿನ ಆ ತುದಿಯಲ್ಲಿ ಮಗನ ಜೊತೆ ಕೂತಿರುವ ಬಸ್ ಡ್ರೈವರಣ್ಣ ಯಾವಾಗಲೂ ರೇಗಿಸುತ್ತಾನೆ, ಅವನ ಮಗನೂ ಮಾತು ಬಾರದವನೇ, ಗುಬ್ಬಿ ಹೋಗುವ ಹಗಲು ಕೇಂದ್ರಕ್ಕೇ ಹೋಗುತ್ತಾನೆ, ಹದಿನೆಂಟು ತುಂಬಿದರೆ ಇಬ್ಬರಿಗೂ ಅಲ್ಲಿ ಜಾಗವಿಲ್ಲ, ಗುಬ್ಬಿಗೆ ಮುಂದಿನ ತಿಂಗಳು ತುಂಬುತ್ತದೆ — ಆಮೇಲೆ? ಆಮೇಲೆ ಕೆಲಸ ಬಿಡಬೇಕು, ಇಲ್ಲವೇ ಪಕ್ಕದ ಮನೆಯವಳು ಹೇಳಿದಂತೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಕು, ಮನೆಯಲ್ಲಿ ಇನ್ನೊಂದು ಜೀವ ಅಂತ ಇಲ್ಲ. ದೊಡ್ಡವರಿಗೂ ಒಂದು ಹಗಲು ಕೇಂದ್ರ ಬೇಕು ಮೇಡಂ, ಬಸ್ಸಿನಲ್ಲಿ, ಹೊಲಿಗೆ ಯಂತ್ರದ ಸದ್ದಿನಲ್ಲಿ ಬಾಯಿಪಾಠ ಮಾಡಿದ ಮಾತು, ಬೇಕು ಅನ್ನು, ಕೊಡಿ ಅನ್ನಬೇಡ ಎಂದು ತಿದ್ದಿದವನೂ ಡ್ರೈವರಣ್ಣನೇ, ಇನ್ನೊಂದು ಮಾತನ್ನೂ ಹೇಳಿದ್ದ, ಸಿಂಗಾರ ಗಿಂಗಾರ ಬೇಡ, ಮಕ್ಕಳು ಹೆಂಗಿದಾರೋ ಹಂಗೇ ಕರ್ಕೊಂಡ್ ಬನ್ನಿ, ಅವರೂ ನೋಡ್ಲಿ, ಅವಳು ಹೂಂ ಅಂದಿದ್ದಳು, ಮನಸಾರೆ ಅಂದಿದ್ದಳು. ಆದರೆ ಬೆಳಗಾಗುತ್ತಲೇ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಳು, ಫ್ರಾಕಿಗೆ ಇಸ್ತ್ರಿ ಹಾಕಿದಳು, ಕೊನೆಗೆ ರಾತ್ರಿ ಕೊಡುವ ಮಾತ್ರೆಯನ್ನು ಪುಡಿಮಾಡಿ ಹಾಲಿಗೆ ಬೆರೆಸಿದಳು, ಒಂದು ಗಳಿಗೆ ಸುಮ್ಮನಿದ್ದರೆ ಸಾಕು, ನನ್ನ ಮಾತು ಮುಗಿಯಲಿ.

ಒಳಗೆ ತಣ್ಣಗಿತ್ತು, ದಪ್ಪ ಮೇಜು, ಗಾಜಿನ ಕೆಳಗೆ ಯಾರದೋ ಮೊಮ್ಮಗುವಿನ ಫೋಟೊ, ಶಾಸಕಿ ಜಂಬದವಳೇನಲ್ಲ, ಕುರ್ಚಿ ಬಿಟ್ಟು ಎದ್ದುಬಂದು ಗುಬ್ಬಿಯ ಪಕ್ಕದಲ್ಲೇ ಕೂತಳು, ಜಡೆ ಸವರಿದಳು, ಅಯ್ಯೋ ಎಷ್ಟು ಶಾಂತವಾಗಿದಾಳೆ, ಎಷ್ಟು ಚೊಕ್ಕವಾಗಿ ಇಟ್ಕೊಂಡಿದೀರಮ್ಮ, ಗುಬ್ಬಿ ಅರೆಗಣ್ಣು ಬಿಟ್ಟು ಮುಚ್ಚಿದಳು, ಬಾಯಿಪಾಠದ ಮಾತನ್ನು ಅವಳು ಪೂರ್ತಿ ಹೇಳಿದಳು, ಒಂದಕ್ಷರ ಬಿಡಲಿಲ್ಲ, ಶಾಸಕಿ ತಲೆಯಾಡಿಸುತ್ತ ಕೇಳಿದಳು, ಕೇಳಿ ಗುಬ್ಬಿಯ ಕೈ ಹಿಡಿದುಕೊಂಡಳು — ನಿಜ ಹೇಳಿ, ಯಾವ ಕೇಂದ್ರದಲ್ಲಿ ಇವಳನ್ನ ಇಷ್ಟು ಚೆನ್ನಾಗಿ ನೋಡ್ಕೋತಾರೆ, ಅಮ್ಮನ ಹತ್ರ ಇದ್ದ ಹಾಗಾಗುತ್ತಾ? ಮಗನ ಕೈ ಹಿಡಿದು ಗೋಡೆಯ ಬಳಿ ನಿಂತ ಡ್ರೈವರಣ್ಣ ಇವಳನ್ನೇ ನೋಡುತ್ತಿದ್ದಾನೆ, ಅವನಿಗೆ ಗೊತ್ತಾಗಿದೆ, ಗೊತ್ತಾಗದೆ ಇರುತ್ತದೆಯೇ, ಅವನ ಮನೆಯಲ್ಲೂ ಅದೇ ಮಾತ್ರೆ, ಹೇಳಮ್ಮ ಅನ್ನುತ್ತಿದೆ ಅವನ ಕಣ್ಣು, ದಿನಾ ಹಿಂಗಿರಲ್ಲ ಅಂತ ಹೇಳು. ಹೇಳಬೇಕು, ಮಾತ್ರೆ ಕೊಟ್ಟಿದ್ದೀನಿ ಮೇಡಂ ಅನ್ನಬೇಕು, ತನ್ನ ಕೆನ್ನೆಯ ಮೇಲೆ ಗುಬ್ಬಿ ಪರಚಿದ ಗೀರು ತೋರಿಸಬೇಕು, ಪೌಡರ್ ಹಚ್ಚಿ ಅದನ್ನೂ ಮುಚ್ಚಿದ್ದಾಳಲ್ಲ, ಹೆತ್ತ ಮಗಳಿಗೆ ಮತ್ತು ಬರಿಸಿ ಕರ್ಕೊಂಡು ಬಂದ್ಯಾ ಅಂದುಬಿಟ್ಟರೆ? ಅಷ್ಟು ಮೆಚ್ಚುಗೆಯಿಂದ ಯಾರು ನೋಡಿದ್ದರು ಅವಳನ್ನು, ಯಾವತ್ತು — ಇಲ್ಲ ಮೇಡಂ, ಆಗಲ್ಲ ಅಂದಿತು ಬಾಯಿ, ಅಷ್ಟೇ. ನಿಮ್ಮಂಥ ತಾಯಂದಿರಿಗೆ ಸನ್ಮಾನ ಮಾಡ್ಬೇಕು, ಕೇಂದ್ರದ ವಿಷಯ ಮುಂದೆ ನೋಡೋಣ, ಸಹಾಯಕ ಫೋಟೊ ತೆಗೆದ, ಅವಳು ನಕ್ಕಳು.

ಮತ್ತೆ ಅದೇ ಬೆಂಚು, ಗುಬ್ಬಿಗೆ ನಡೆಯುವಷ್ಟು ಎಚ್ಚರವಾಗಬೇಕಲ್ಲ, ಮುಚ್ಚಿದ ಬಾಗಿಲು, ಒಳಗೆ ಶಾಸಕಿ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿದೆ, ಡ್ರೈವರಣ್ಣ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು, ಮಗನ ಶೂ ಲೇಸು ಕಟ್ಟುತ್ತಾ ಕೂತ, ಅಳು ಬರಬೇಕಿತ್ತು, ಬರಲಿಲ್ಲ, ಮೈ ಯಾರದ್ದೋ ಅನ್ನಿಸುತ್ತಿದೆ, ನಾಳೆ ಬೆಳಗಿನ ಪಾಳಿ, ಮುಂದಿನ ತಿಂಗಳು, ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ — ಆಗ ಭುಜದ ಮೇಲಿನ ಭಾರ ಕದಲಿತು. ಗುಬ್ಬಿ ಕಣ್ಣು ಬಿಟ್ಟಳು, ಗುರುತಿಲ್ಲದ ಗೋಡೆ, ಗುರುತಿಲ್ಲದ ಜನ, ಗಂಟಲಲ್ಲಿ ಸಣ್ಣಗೆ ಗುರ್ ಎಂದದ್ದು ಏರಿತು, ಏರಿ ಏರಿ ಕೂಗಾಯಿತು, ಸಹಾಯಕ ಬೆಚ್ಚಿ ಹಿಂದೆ ಸರಿದ, ಒಳಗಿನ ಫೋನಿನ ಮಾತು ನಿಂತಿತು, ಬಿಡಮ್ಮ, ಡ್ರೈವರಣ್ಣ ಎದ್ದು ನಿಂತಿದ್ದಾನೆ, ಕೂಗ್ಲಿ ಬಿಡು, ಅವರ ಕಿವಿಗೂ ಬೀಳ್ಲಿ, ಬಾಗಿಲು ತೆಗೀಲಿ, ಸರಿ, ಅವನು ಹೇಳುವುದು ಸರಿ, ಬಿಡಬೇಕು, ಆದರೆ ಅವಳ ಕೈ ಆಗಲೇ ಹೋಗಿ ಗುಬ್ಬಿಯ ಬಾಯಿ ಮುಚ್ಚಿದೆ, ಬಸ್ಸಿನಲ್ಲಿ ಮುಚ್ಚುವ ಹಾಗೆ, ಮೆಟ್ಟಿಲ ಮೇಲೆ, ಪಕ್ಕದ ಮನೆಯವಳು ಗೋಡೆ ಬಡಿದಾಗ ಮುಚ್ಚುವ ಹಾಗೆ, ಕೈ ತೆಗೆಯಬೇಕು, ಕೂಗು ಅಂಗೈಯೊಳಗೆ ಗುಮ್ಮೆನ್ನುತ್ತಿದೆ, ಬಿಸಿ ಉಸಿರು, ಎಂಜಲು, ಹಲ್ಲು, ಒಳಗೆ ಫೋನಿನ ಮಾತು ಮತ್ತೆ ಶುರುವಾಯಿತು, ತೆಗೆಯಬೇಕು ಈಗಲೇ, ಅಂಗೈಯೊಳಗೆ ಬಿಸಿ ಉಸಿರು, ತೆಗೆ, ಅಂಗೈಯೊಳಗೆ ಉಸಿರು, ಅಂಗೈ ಇನ್ನೂ ಅಲ್ಲೇ